ರೇಣುಕಪ್ರಸಾದರ ಹುಟ್ಟುಹಬ್ಬಕ್ಕೆ ಸ್ಟೀಲ್ ಗಿಟಾರು

ನನ್ನ ಹೆಸರು ಉಚ್ಚಂಗೆಮ್ಮ. ವಯಸ್ಸು ಇಪ್ಪತ್ತಮೂರು. ಅಜ್ಜ ಕಲ್ಲೇಶಪ್ಪ ತನ್ನ ತಾಯಿಯ ಹೆಸರನ್ನು ನನಗಿಟ್ಟ. ಆ ಮುತ್ತಜ್ಜಿ ಹೊಲದಲ್ಲಿ ನಿಂತು ಮಾತಾಡಿದರೆ ಹೊಳೆಯಾಚೆಯ ಊರಿಗೂ ಕೇಳುತ್ತಿತ್ತಂತೆ. ನನಗೆ ಬಸ್ಸಿನಲ್ಲಿ "ಇಳಿಯೋರು ಇದೀವಿ" ಎನ್ನಲೂ ಬಾಯಿ ಬರುವುದಿಲ್ಲ. ಎರಡು ಸಲ ನಮ್ಮೂರು ಗೋವಿನಕೋವಿ ದಾಟಿ, ಮುಂದಿನ ಸ್ಟಾಪಿನಲ್ಲಿ ಬೇರೆ ಯಾರೋ ಇಳಿಯುವಾಗ ಅವರ ಬೆನ್ನಿಗೆ ಇಳಿದು, ನಡೆದು ವಾಪಸ್ ಬಂದಿದ್ದೇನೆ.

ಶಾಲೆಯಲ್ಲಿ ನನ್ನ ಹೆಸರನ್ನು ಅರ್ಧಕ್ಕೆ ಕತ್ತರಿಸಿ ಕೂಗುತ್ತಿದ್ದರು. ಎಂಟನೇ ತರಗತಿಗೇ ಯಾಕೆ ಬಿಟ್ಟೆ ಎಂದು ಕೇಳಿದವರಿಗೆ ಮನೆಯಲ್ಲಿ ಕೆಲಸ ಇತ್ತು ಎನ್ನುತ್ತೇನೆ.

ಅಜ್ಜ ಸ್ಟೀಲ್ ಗಿಟಾರ್ ಬಾರಿಸುವವನು. ನಾಟಕದ ಕಂಪನಿಯಲ್ಲಿ ಇಪ್ಪತ್ತು ವರ್ಷ, ಮದುವೆ ಆರ್ಕೆಸ್ಟ್ರಾದಲ್ಲಿ ಇನ್ನಿಪ್ಪತ್ತು ವರ್ಷ. ಇದನ್ನು ನಿಂತು ಕುಣಿಯುತ್ತ ಬಾರಿಸುವಂತಿಲ್ಲ. ತೊಡೆಯ ಮೇಲೆ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ಗುಂಡು ಹಿಡಿದು ತಂತಿಯ ಮೇಲೆ ಜಾರಿಸಬೇಕು. ಮಗುವಿಗೆ ಎಣ್ಣೆ ಹಚ್ಚಿದ ಹಾಗೆ ಕಾಣುತ್ತದೆ. ಹಾಗಾಗಿಯೇ ನನಗೆ ಹಿಡಿಸಿತು. ತಲೆ ಬಗ್ಗಿಸಿಕೊಂಡೇ ಮಾಡುವ ಕೆಲಸ, ಯಾರ ಮುಖವನ್ನೂ ನೋಡಬೇಕಾಗಿಲ್ಲ.

ನಾಟಕ ನಿಂತು, ಆರ್ಕೆಸ್ಟ್ರಾ ನಿಂತು, ಅಜ್ಜ ಸುಮ್ಮನೆ ಕೂತಿದ್ದಾಗ ಚನ್ನಗಿರಿಯ ಓಂಕಾರಣ್ಣ ಹುಡುಕಿಕೊಂಡು ಬಂದ. ಗೊಬ್ಬರದಂಗಡಿಯ ಮೇಲಿನ ಒಂದು ರೂಮಿನಲ್ಲಿ ಅವನ ಸ್ಟುಡಿಯೋ. ಹುಟ್ಟುಹಬ್ಬಕ್ಕೆ ಹಾಡು, ತೀರಿಕೊಂಡವರಿಗೆ ಶ್ರದ್ಧಾಂಜಲಿ ಹಾಡು, ಗೃಹಪ್ರವೇಶಕ್ಕೆ, ಹೊಸ ಟ್ರ್ಯಾಕ್ಟರಿಗೆ. ಸವಳಂಗದ ಒಬ್ಬರು ಬೋರ್‌ವೆಲ್‌ನಲ್ಲಿ ನೀರು ಬಿದ್ದಿದ್ದಕ್ಕೂ ಹಾಡು ಮಾಡಿಸಿದ್ದರು. ಆರು ತಿಂಗಳಿಗೆ ನೀರು ನಿಂತಾಗ ಅದೇ ಹಾಡನ್ನು ನಿಧಾನ ಮಾಡಿ ಕೊಡುತ್ತೀಯಾ ಎಂದು ಕೇಳಿದರಂತೆ, ಓಂಕಾರಣ್ಣ ಹೇಳುತ್ತಿದ್ದ. ಸುಳ್ಳಿರಬಹುದು.

ಈಗ ಯಾರೂ ಸ್ಟುಡಿಯೋಗೆ ಹೋಗಬೇಕಾಗಿಲ್ಲ. ಓಂಕಾರಣ್ಣ ತಾಳ ಮತ್ತು ಕೀಬೋರ್ಡಿನ ಟ್ರ್ಯಾಕ್ ಮಾಡಿ ಫೋನಿಗೆ ಕಳಿಸುತ್ತಾನೆ. ಹೊನ್ನಾಳಿಯಲ್ಲಿ ಸಂಘಮಿತ್ರಾ ಎಂಬ ಗಾಯಕಿ, ತನ್ನ ಮನೆಯ ಬೀರುವಿನೊಳಗೆ ತಲೆ ತೂರಿಸಿ ಸೀರೆಗಳ ನಡುವೆ ಹಾಡಿ ಕಳಿಸುತ್ತಾಳೆ. ಅದೇ ಹೊತ್ತಿಗೆ ನಮ್ಮ ಮನೆಯಲ್ಲಿ ಮೆಕ್ಕೆಜೋಳದ ಚೀಲಗಳ ನಡುವೆ ಗಿಟಾರು. ಒಬ್ಬರದು ಒಬ್ಬರಿಗೆ ಕೇಳುವುದಿಲ್ಲ. ಓಂಕಾರಣ್ಣ ಎಲ್ಲವನ್ನೂ ಕೂಡಿಸಿ ಗಿರಾಕಿಗೆ ಕೊಡುತ್ತಾನೆ. ಕೊನೆಯಲ್ಲಿ ಹೆಸರುಗಳು ಬರುತ್ತವೆ. ಸ್ಟೀಲ್ ಗಿಟಾರ್: ಕಲ್ಲೇಶಪ್ಪ, ಗೋವಿನಕೋವಿ.

ಮೂರು ವರ್ಷದ ಹಿಂದೆ ಅಜ್ಜನ ಎಡಗೈ ನಡುಗಲು ಶುರುವಾಯಿತು. ಗುಂಡು ತಂತಿಯ ಮೇಲೆ ನಡುಗಿದರೆ ಸ್ವರವೂ ನಡುಗುತ್ತದೆ. ಓಂಕಾರಣ್ಣ ಫೋನ್ ಮಾಡಿ, "ಏನ್ ಫೀಲು ಅಜ್ಜಾರೇ! ಮೊದ್ಲು ಎಲ್ಲಿ ಬಚ್ಚಿಟ್ಟಿದ್ರಿ ಇದನ್ನ?" ಎಂದ. ಅಜ್ಜ ಫೋನ್ ಇಟ್ಟು ಕೈ ನೋಡಿಕೊಂಡ. ಎರಡು ತಿಂಗಳ ನಂತರ ಫೀಲು ಇನ್ನೂ ಜಾಸ್ತಿಯಾಗಿ ಹಿಡಿಯಲೇ ಆಗದಂತಾದಾಗ, ಗಿಟಾರನ್ನು ನನ್ನ ತೊಡೆಗೆ ದಾಟಿಸಿದ. ಆವತ್ತಿನಿಂದ ಬಾರಿಸುವವಳು ನಾನು. ಹೆಸರು ಅಜ್ಜನದು.

ಹೆಸರು ಬೇಕು ಅಂತ ನಾನು ಬಾಯಿಬಿಟ್ಟು ಕೇಳಿದವಳಲ್ಲ. ಆದರೆ ಹಾಡು ಬಂದಾಗಲೆಲ್ಲ ಕೊನೆಯ ತನಕ ನೋಡುತ್ತಿದ್ದೆ. ಅದು ಅಜ್ಜನ ಕಣ್ಣಿಗೆ ಬಿತ್ತು. ಒಂದು ದಿನ ಅವನೇ ಓಂಕಾರಣ್ಣನಿಗೆ ಫೋನಿನಲ್ಲಿ ನಿಜ ಹೇಳಿಬಿಟ್ಟ.

"ನಮ್ಮ ಉಚ್ಚಂಗೀನೇ ಬಾರ್ಸೋದು ಕಣಪ್ಪ, ಮೂರು ವರ್ಷದಿಂದ. ನಾನು ಇರೋದ್ರಾಗೆ ಅವಳ ಹೆಸರು ಒಂದ್ಸಲ ಬರ್ಲಿ."

ಓಂಕಾರಣ್ಣನ ದನಿ ನನಗೂ ಕೇಳುತ್ತಿತ್ತು. "ಬಾರ್ಸಲಿ ಅಜ್ಜಾರೇ, ಚೆನ್ನಾಗೇ ಬಾರ್ಸ್ತಾಳೆ. ಹೆಸರು ಮಾತ್ರ ನಿಮ್ದೇ ಇರ್ಲಿ. ಉಚ್ಚಂಗೆಮ್ಮ ಅಂದ್ರೆ ಸೋಬಾನೆ ಪದ ಹೇಳೋ ಮುದುಕಿ ಅಂದ್ಕಂತಾರೆ. ಬೇಕಾದ್ರೆ ರೂಪಶ್ರೀ ಅಂತ ಹಾಕನ?"

ಅಜ್ಜ ನನ್ನ ಮುಖ ನೋಡಿದ. ನಾನು ತಲೆ ಅಲ್ಲಾಡಿಸಿದೆ, ಬೇಡ. ಅರ್ಧ ಹೆಸರಿನಿಂದ ತಪ್ಪಿಸಿಕೊಂಡು ಬಂದವಳು ಇನ್ಯಾರದೋ ಇಡೀ ಹೆಸರನ್ನು ಯಾಕೆ ಹೊತ್ತುಕೊಳ್ಳಲಿ?

ಇನ್ನು ಜಗಳೂರಿನಲ್ಲಿ ಆದ ಎಡವಟ್ಟಿನ ವಿಷಯ.

ಓಂಕಾರಣ್ಣ ಹುಟ್ಟುಹಬ್ಬಕ್ಕೂ ಸಾವಿಗೂ ಒಂದೇ ಧಾಟಿ ಇಟ್ಟುಕೊಂಡಿದ್ದ. "ನೂರು ವರುಷ ಬಾಳಿರಿ" ಎನ್ನುವ ಜಾಗದಲ್ಲಿ "ನೂರು ವರುಷ ನೆನೆವೆವು" ಎಂದರೆ ಆಯಿತು, ತಾಳಕ್ಕೆ ಸರಿಯಾಗಿ ಕೂರುತ್ತದೆ. ಟ್ರ್ಯಾಕಿನಲ್ಲಿ ಮಾತು ಇರುವುದಿಲ್ಲವಾದ್ದರಿಂದ ಯಾವುದಕ್ಕೆ ಬಾರಿಸುತ್ತಿದ್ದೇನೆ ಎಂದು ನನಗೆ ತಿಳಿಯಲು ಜೊತೆಗೊಂದು ಫೋಟೋ ಕಳಿಸುತ್ತಿದ್ದ. ನಿಯಮ ಅವನದೇ: "ಫೋಟೋದಾಗೆ ಹಾರ ಇದ್ರೆ ಅಳೋ ಥರ ಬಾರ್ಸು. ಹಾರ ಇಲ್ಲಾಂದ್ರೆ ನಗೋ ಥರ." ಮೂರು ವರ್ಷ ಈ ನಿಯಮ ಒಂದು ಸಲವೂ ಕೈ ಕೊಟ್ಟಿರಲಿಲ್ಲ.

ಆವತ್ತು ಬಂದ ಫೈಲಿನ ಹೆಸರು "ರೇಣುಕಪ್ರಸಾದ್ ಫೈನಲ್". ತಾಳ ನಿಧಾನ. ಫೋಟೋದಲ್ಲಿ ಅರವತ್ತರ ಆಸುಪಾಸಿನ ದಪ್ಪ ಮೀಸೆಯ ಗಂಡಸು. ಮುಖವನ್ನು ಮೊಟ್ಟೆಯಾಕಾರಕ್ಕೆ ಕತ್ತರಿಸಿದ್ದರು. ಹಿಂದೆ ಬಿಳಿ ಮೋಡ. ಕೊರಳಲ್ಲಿ ಸುಗಂಧರಾಜದ ಹಾರ. ಆದರೂ ಆ ಕಣ್ಣುಗಳಲ್ಲಿ ಏನೋ ಇತ್ತು. ಊಟಕ್ಕೆ ಕರೆಯುತ್ತಾರೆಂದು ಕಾಯುತ್ತಿರುವವರ ಕಣ್ಣು. ನನಗೆ ಅನುಮಾನವಾಯಿತು.

"ಓಂಕಾರಣ್ಣ, ಇವರು ಇದ್ದಾರಾ?" ಎಂದು ಟೈಪ್ ಮಾಡಿದೆ. ಓದಿ ನೋಡಿ ಅಳಿಸಿದೆ. ದೊಡ್ಡ ಮನುಷ್ಯರ ಬಗ್ಗೆ ಹಾಗೆ ಕೇಳಬಹುದೇ? "ಇವರು ಹೋದರಾ?" ಎಂದು ಬರೆದೆ, ಅದು ಇನ್ನೂ ಕೆಟ್ಟದಾಗಿತ್ತು. ಮೂರನೆಯ ಸಲ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಅದನ್ನೂ ಅಳಿಸಿ, ಫೋನ್ ಬದಿಗಿಟ್ಟು ಗಿಟಾರ್ ಎತ್ತಿಕೊಂಡೆ.

ಅಷ್ಟು ಚೆನ್ನಾಗಿ ನಾನು ಯಾವತ್ತೂ ಬಾರಿಸಿರಲಿಲ್ಲ. ಪರಿಚಯವಿಲ್ಲದ ಆ ಮೀಸೆಯ ಮನುಷ್ಯನಿಗಾಗಿ ಗಿಟಾರಿನ ಪಟ್ಟಿಯ ಮೇಲೆ ಹನ್ನೆರಡನೇ ಮನೆಯಿಂದ ಐದನೇ ಮನೆಗೆ ಗುಂಡು ಜಾರುವಾಗ ನನಗೇ ಕಣ್ಣು ತುಂಬಿತು. ನಾನು ಕೇಳುವುದು ಹೆಡ್‌ಫೋನಿನಲ್ಲಿ. ಹೊರಗಿನವರಿಗೆ ಬರೀ ಟಿಣ್ ಟಿಣ್. ಅಜ್ಜಿ ದ್ಯಾಮಮ್ಮ ಬಾಗಿಲಲ್ಲಿ ನಿಂತು, "ತಂತಿ ಕೆರ್ಕಂಡು ಯಾಕಳ್ತೀಯೇ? ಅನ್ನ ಆರೋಗ್ತಾ ಐತೆ" ಎಂದಳು.

ರೇಣುಕಪ್ರಸಾದರು ಬದುಕಿದ್ದರು. ಜಗಳೂರು ಕಡೆಯ ಮುಖಂಡರು, ತಾಲ್ಲೂಕು ಪಂಚಾಯಿತಿಯ ಮಾಜಿ ಸದಸ್ಯರು. ಅವತ್ತಿಗೆ ಎರಡು ದಿನ ಬಿಟ್ಟು ಅವರ ಅರವತ್ತನೇ ಹುಟ್ಟುಹಬ್ಬ. ಹಾಡು ಕುಣಿಯುವ ಹಾಗಿರಬಾರದು, ಗಂಭೀರವಾಗಿರಬೇಕು, ತಾವು ಹಿರಿಯರು ಎಂದು ಅವರೇ ತಾಳ ನಿಧಾನ ಮಾಡಿಸಿದ್ದರು. ಹಾರ ಯಾವುದೋ ಸನ್ಮಾನದ್ದು. ಮೋಡವೂ ಅವರದೇ ಬೇಡಿಕೆ: "ಆಕಾಶದೆತ್ತರಕ್ಕೆ ಬೆಳೆದವರು ಅಂತ ಕಾಣ್ಬೇಕು."

ಓಂಕಾರಣ್ಣನಿಗೆ ಇನ್ನೊಂದು ಅಭ್ಯಾಸವಿತ್ತು. ದಿನಕ್ಕೆ ಹತ್ತು ಹಾಡು ಕೂಡಿಸುವವನು ಎಲ್ಲವನ್ನೂ ಪೂರ್ತಿ ಕೇಳುತ್ತಿರಲಿಲ್ಲ. ಶುರುವಿನ ಹತ್ತು ಸೆಕೆಂಡು, ಕೊನೆಯ ಹತ್ತು ಸೆಕೆಂಡು ಕೇಳಿ ಕಳಿಸಿಬಿಡುತ್ತಿದ್ದ. ಕಳಿಸಿದ.

ಹುಟ್ಟುಹಬ್ಬದ ದಿನ ಬೆಳಗ್ಗೆ ಆರೂವರೆಗೆ ಮೈಕ್ ಕಟ್ಟಿದ ಆಟೋ ಜಗಳೂರಿನಿಂದ ಹೊರಟಿತು. ಆಟೋದ ಮೇಲಿನ ಆ ಕೊಂಬಿನ ಮೈಕಿನಲ್ಲಿ ಮಾತು ಸ್ಪಷ್ಟವಾಗಿ ಕೇಳುವುದಿಲ್ಲ. ಸಂಘಮಿತ್ರಾ "ಬಾಳಿರಿ" ಎಂದು ಎಷ್ಟು ಚೆನ್ನಾಗಿ ಹಾಡಿದ್ದರೂ ಅದು ಎರಡು ಮನೆಯಾಚೆ ಬರೀ ಗೊರಗೊರ. ಕೇಳುವುದು ಒಂದೇ: ಸ್ಟೀಲ್ ಗಿಟಾರು. ಜೊತೆಗೆ "ರೇಣುಕಪ್ರಸಾದಣ್ಣ" ಎಂಬ ಒಂದು ಹೆಸರು. ಊರಲ್ಲಿ ಯಾರಾದರೂ ತೀರಿಕೊಂಡರೆ ಸುದ್ದಿ ಸಾರುವುದೂ ಅದೇ ಆಟೋ.

ಮುಂದಿನದನ್ನು ನನಗೆ ಹೇಳಿದ್ದು ಓಂಕಾರಣ್ಣ, ಮಾರನೇ ದಿನ ಜಗಳೂರಿಗೆ ಹೋಗುವಾಗ ಕಾರಿನಲ್ಲಿ. ಆಟೋ ಬಿಳಿಚೋಡು ತಲುಪುವಷ್ಟರಲ್ಲಿ ಚಹಾದಂಗಡಿಯವರು ಬಾಗಿಲು ಅರ್ಧ ಎಳೆದಿದ್ದರು. ಕುರಿ ಹೊಡೆದುಕೊಂಡು ಹೋಗುತ್ತಿದ್ದವರು ಟವೆಲ್ ತೆಗೆದು ನಿಂತಿದ್ದರು. ಆಟೋ ಓಡಿಸುವವನಿಗೆ ಜನ ಯಾಕೆ ಕೈ ಮುಗಿಯುತ್ತಿದ್ದಾರೆಂದು ಗೊತ್ತಾಗದೆ, ಅಣ್ಣನಿಗೆ ಇಷ್ಟೊಂದು ಗೌರವವೇ ಎಂದು ಸದ್ದು ಇನ್ನೂ ಜಾಸ್ತಿ ಮಾಡಿದ. ರೇಣುಕಪ್ರಸಾದರ ಬಲಗೈ ಪ್ರವೀಣ್ ಕುಮಾರ್, ಹುಟ್ಟುಹಬ್ಬಕ್ಕೆ ಶಾಮಿಯಾನ ಹಾಕಿಸಿದವನೇ, ಏಳೂವರೆಗೆಲ್ಲ ಸ್ಟೇಟಸ್ ಹಾಕಿದ್ದ: "ಅಣ್ಣನ ಕನಸುಗಳನ್ನು ನಾನು ಮುಂದುವರಿಸುವೆ." ಅದರಲ್ಲಿ ಅಣ್ಣನ ಫೋಟೋ ಸಣ್ಣದು, ಅವನದು ದೊಡ್ಡದು.

ಆ ಹೊತ್ತಿಗೆ ಅಣ್ಣ ಫೋನ್ ಬಂದ್ ಮಾಡಿ ಎಣ್ಣೆಸ್ನಾನ ಮಾಡುತ್ತಿದ್ದರು. ಪೂಜೆ ಮುಗಿಸಿ, ಹೊಸ ರೇಷ್ಮೆ ಪಂಚೆ ಉಟ್ಟು ಒಂಬತ್ತಕ್ಕೆ ಹೊರಗೆ ಬಂದರೆ ಅಂಗಳದ ತುಂಬ ಜನ ಅಳುತ್ತಿದ್ದಾರೆ. ಮುಂದೆ ಕೂತಿದ್ದ ಮುದುಕಿಯೊಬ್ಬಳು ಅವರನ್ನು ನೋಡಿ ಎದ್ದು ಓಡಿದಳಂತೆ.

ಸಂಜೆಗೆ ಓಂಕಾರಣ್ಣನಿಗೆ ರೇಣುಕಪ್ರಸಾದರ ಫೋನ್ ಬಂತು: "ಆ ಗಿಟಾರ್ ಬಾರ್ಸಿದೋನ್ನ ನಾಳೆ ಕರ್ಕಂಡು ಬಾ."

ಮೂರು ವರ್ಷದಲ್ಲಿ ಬಾರಿಸಿದವರು ಯಾರು ಎಂದು ಒಬ್ಬರು ಕೇಳಿದ್ದು ಅದೇ ಮೊದಲು.

ನಾನೂ ಅಜ್ಜನೂ ಹೊನ್ನಾಳಿ ಮೇಲೆ ದಾವಣಗೆರೆಗೆ ಬಸ್ಸಿನಲ್ಲಿ ಹೋದೆವು. ಅಜ್ಜ ಗಿಟಾರನ್ನು ಹಾಸಿಗೆ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದ. ಯಾಕೆ ತಂದೆ ಎಂದರೆ, "ಒಡೆದು ಹಾಕೋದಾದ್ರೆ ನನ್ನ ಎದುರಿಗೇ ಒಡೀಲಿ" ಎಂದ. ದಾವಣಗೆರೆ ಬಸ್ ನಿಲ್ದಾಣದಲ್ಲಿ ಓಂಕಾರಣ್ಣ ಕಾರಿನೊಂದಿಗೆ ಕಾಯುತ್ತಿದ್ದ. ಜಗಳೂರು ದಾರಿಯುದ್ದಕ್ಕೂ ಅವನು ಅಜ್ಜನಿಗೆ ಪಾಠ ಹೇಳಿಕೊಟ್ಟ.

"ಅಜ್ಜಾರೇ, ನೀವೇ ಬಾರ್ಸಿದ್ದು ಅನ್ರಿ. ವಯಸ್ಸಾಯ್ತು, ಕಣ್ಣು ಮಂಜು, ಫೋಟೋ ಸರಿಯಾಗಿ ಕಾಣ್ಲಿಲ್ಲ ಅನ್ರಿ. ವಯಸ್ಸಾದೋರಿಗೆ ಯಾರೂ ಏನೂ ಅನ್ನಲ್ಲ."

"ನಲವತ್ತು ವರ್ಷ ಬಾರ್ಸೀನಿ. ಸತ್ತೋರ್ಯಾರು ಇದ್ದೋರ್ಯಾರು ಅಂತ ಗೊತ್ತಾಗ್ದೇ ಬಾರ್ಸ್ದ ಅಂತ ಅನ್ನುಸ್ಕಬೇಕಾ?"

"ನಿಮ್ ಮೊಮ್ಮಗಳ ಮೇಲೆ ಬಂದ್ರೆ ಪರ್ವಾಗಿಲ್ವಾ?"

ಅಜ್ಜ ಕರ್ಚೀಫನ್ನು ಎಡಗೈಗೆ ಸುತ್ತಿಕೊಂಡ. ಬಲಗೈಯಿಂದ ಅದನ್ನು ಅದುಮಿಕೊಂಡ. ಹೆಸರು ಬೇಕೆಂದು ಕೊನೆಯ ತನಕ ನೋಡುತ್ತಿದ್ದವಳು ನಾನು. ತಪ್ಪು ಬಂದಾಗ ಮಾತ್ರ ಅದು ಅಜ್ಜನ ಹೆಸರಿಗೆ. ಕಾರಿನ ಕಿಟಕಿಯಾಚೆ ನೋಡುತ್ತ ಒಂದು ವಾಕ್ಯವನ್ನು ಬಾಯೊಳಗೇ ಅಂದುಕೊಂಡೆ. ಎರಡೇ ಪದ. ಜಗಳೂರು ಬರುವ ತನಕ ಅಂದುಕೊಳ್ಳುತ್ತಲೇ ಇದ್ದೆ.

ರೇಣುಕಪ್ರಸಾದರು ಅಂಗಳದ ಶಾಮಿಯಾನದ ಕೆಳಗೆ ಕುರ್ಚಿಯಲ್ಲಿ ಕೂತಿದ್ದರು. ಸುತ್ತ ಮೂವತ್ತು ನಲವತ್ತು ಜನ. ಕೈಯಲ್ಲಿ ಫೋನು. ಅದರಲ್ಲಿ ಅವರ ಮನೆಯ ಸಿಸಿ ಕ್ಯಾಮೆರಾದಲ್ಲಿ ಹಿಂದಿನ ದಿನ ಬೆಳಗ್ಗೆ ಸಿಕ್ಕಿದ್ದನ್ನು ನೋಡುತ್ತಿದ್ದರು. ಪ್ರವೀಣ್ ಕುಮಾರ್ ಮೂಲೆಯಲ್ಲಿ ನಿಂತು ಎಲ್ಲರಿಗೂ ಮಜ್ಜಿಗೆ ಹಂಚುತ್ತಿದ್ದ. ಅವನ ಲೋಟ ಬಂದಾಗಲೆಲ್ಲ ರೇಣುಕಪ್ರಸಾದರು ಅವನ ಮುಖ ನೋಡಿ, "ಮುಂದುವರಿಸಪ್ಪ, ಮುಂದುವರಿಸು" ಎನ್ನುತ್ತಿದ್ದರು.

ನಾವು ನಿಂತೆವು. ಅವರು ಫೋನಿನಿಂದ ಕಣ್ಣೆತ್ತಲಿಲ್ಲ.

"ಬಾರ್ಸಿದ್ದು ಯಾರು?"

ಓಂಕಾರಣ್ಣ ಅಜ್ಜನ ಬೆನ್ನಿಗೆ ಮೆಲ್ಲಗೆ ತಿವಿದ. "ಇವರು ಸಾರ್, ನಮ್ಮ ಅಜ್ಜಾರು. ವಯಸ್ಸಾಗೈತೆ, ಕಣ್ಣು ಸ್ವಲ್ಪ..."

ಅಜ್ಜ ಗಂಟಲು ಸರಿ ಮಾಡಿಕೊಂಡ. "ಯಜಮಾನ್ರೇ, ತಪ್ಪಾತು. ನಾನು..."

"ನಾನು ಬಾರ್ಸಿದ್ದು."

ಯಾರು ಹೇಳಿದ್ದೆಂದು ಓಂಕಾರಣ್ಣ ಹಿಂದೆ ತಿರುಗಿ ನೋಡಿದ. ನನಗೂ ನನ್ನ ದನಿ ಗುರುತು ಸಿಗಲಿಲ್ಲ. ರೇಣುಕಪ್ರಸಾದರು ಕಣ್ಣೆತ್ತಿದರು. ಅದೇ ಕಣ್ಣು, ಊಟಕ್ಕೆ ಕಾಯುವ ಕಣ್ಣು.

"ನಿನ್ನ ಹೆಸರೇನವ್ವ?"

"ಉಚ್ಚಂಗೆಮ್ಮ."

ಪೂರ್ತಿ ಹೇಳಿದೆ. ಹಿಂದೆ ಯಾರೋ ಕಿಸಕ್ಕೆಂದರು. ಪ್ರವೀಣ್ ಕುಮಾರ್ ಮಜ್ಜಿಗೆ ತಟ್ಟೆ ಹಿಡಿದುಕೊಂಡೇ, "ಅಣ್ಣ, ಈ ಹುಡುಗಿ ಏನ್ ಬಾರ್ಸ್ತಾಳಣ್ಣ? ಮುದುಕನ್ನ ಉಳ್ಸಾಕೆ ಹೇಳ್ತೈತೆ ಅಷ್ಟೇ" ಎಂದ.

"ನೀನು ಸುಮ್ನಿರು. ನೀನು ಹೇಳೋದು ನಾನು ಸತ್ತ ಮ್ಯಾಲೆ ಕೇಳ್ತೀನಿ." ನನ್ನ ಕಡೆ ತಿರುಗಿದರು. "ಬಾರ್ಸು ನೋಡನ."

ನೆಲದ ಮೇಲೆ ಕೂತು ಗಿಟಾರನ್ನು ತೊಡೆಗೆ ಮಲಗಿಸಿಕೊಂಡೆ. ವೈರಿಲ್ಲ, ಮೈಕಿಲ್ಲ. ಸೊಳ್ಳೆ ಗುಂಯ್‌ಗುಟ್ಟಿದಷ್ಟೇ ಸದ್ದು. ಮೊದಲು ರೇಣುಕಪ್ರಸಾದರು ಕುರ್ಚಿಯಿಂದ ಮುಂದಕ್ಕೆ ಬಗ್ಗಿದರು, ಆಮೇಲೆ ಸುತ್ತ ಇದ್ದವರೆಲ್ಲ ಬಗ್ಗಿದರು. ಲೋಟದ ಸದ್ದು ನಿಂತಿತು. ನಾನು ತಲೆ ಎತ್ತಲಿಲ್ಲ. ಹನ್ನೆರಡನೇ ಮನೆಯಿಂದ ಐದನೇ ಮನೆಗೆ ಜಾರಿಸಿ ಮುಗಿಸಿದಾಗ ಯಾರೋ ಮೂಗು ಸೀಟಿದರು. ರೇಣುಕಪ್ರಸಾದರೇ.

"ನೋಡವ್ವ," ಎಂದರು ಅವರು ಟವೆಲ್ಲಿನಲ್ಲಿ ಮೀಸೆ ಒರೆಸಿಕೊಳ್ಳುತ್ತ, "ಮೂರು ಸಲ ಎಲೆಕ್ಷನ್‌ಗೆ ನಿಂತೀನಿ. ಮಟನ್ ಹಾಕ್ಸಿದ್ರೂ ಇಷ್ಟು ಜನ ನಮ್ಮನೆ ಅಂಗಳಕ್ಕೆ ಬಂದಿದ್ದಿಲ್ಲ. ನಿನ್ನೆ ಬೆಳಗ್ಗೆ ಆರೂವರೆಯಿಂದ ಒಂಬತ್ತರ ತನಕ ಸತ್ತಿದ್ದೆ ನೋಡು, ಅಷ್ಟರಾಗೆ ಎಲ್ಲಾ ಗೊತ್ತಾತು. ಯಾರು ಅತ್ರು, ಯಾರು ಹಾರ ತಂದ್ರು, ಯಾರು ಬಂದು ತಿಂಡಿ ಐತಾ ಅಂತ ಕೇಳಿದ್ರು. ಎಲ್ಲಾ ಇದ್ರಾಗೈತೆ." ಫೋನ್ ತಟ್ಟಿದರು. ಅಂಗಳದಲ್ಲಿ ನಾಲ್ಕೈದು ಜನ ಇದ್ದಕ್ಕಿದ್ದಂತೆ ಕೆಲಸ ನೆನಪಾಗಿ ಹೊರಟರು.

ಓಂಕಾರಣ್ಣ ಒಂದು ಹೆಜ್ಜೆ ಮುಂದೆ ಬಂದ. "ಸಾರ್, ಹಿಂಗೆ ಸ್ವಲ್ಪ ಭಾವನೆ ಇರ್ಲಿ ಅಂತ ನಾನೇ ಹೇಳಿದ್ದು."

"ನೀನು ಪೂರ್ತಿ ಕೇಳೇ ಇಲ್ಲಂತಲ್ಲೋ, ನಿನ್ನೆ ಫೋನಿನಾಗೆ ನೀನೇ ಅಂದೆ." ಅವನು ಹಿಂದೆ ಸರಿದ. "ಈಗ ಕೇಳು. ನನ್ನ ಶ್ರದ್ಧಾಂಜಲಿ ಹಾಡು ಈಗ್ಲೇ ಮಾಡಿ ಇಡು. ನಾನು ಹೋದ್ಮ್ಯಾಲೆ ಇವರ ಕೈಯಾಗೆ ಬಿಟ್ರೆ ಕುಣಿಯೋ ಹಾಡು ಹಾಕಿದ್ರೂ ಹಾಕಿದ್ರೇ. ನಾನು ಕೇಳಿ, ಸರಿ ಮಾಡ್ಸಿ, ಒಪ್ಪಿಗೆ ಕೊಟ್ಟೇ ಹೋಗ್ಬೇಕು. ಗಿಟಾರು ಈ ಹುಡುಗೀದೇ. ಹೆಸರು ದೊಡ್ಡಕ್ಷರದಾಗೆ ಹಾಕು."

ಅಜ್ಜ ಕೈ ಮುಗಿದ. ಅವನ ಕೈ ಎಷ್ಟು ನಡುಗಿತೆಂದರೆ ನಮಸ್ಕಾರವೇ ಚಪ್ಪಾಳೆಯಂತೆ ಕಂಡಿತು.

"ಆದ್ರೆ ಒಂದು," ರೇಣುಕಪ್ರಸಾದರು ಬೆರಳೆತ್ತಿದರು. "ಈ ಹೆಸರು ಮೊದ್ಲು ನನ್ನ ಹಾಡಿನಾಗೇ ಬರ್ಬೇಕು. ಅಲ್ಲಿ ತನಕ ಬೇರೆ ಯಾರ ಹಾಡಿಗೂ ಹಾಕ್ಬ್ಯಾಡ. ಆಯ್ತಾ?"

"ಆಯ್ತು ಸಾರ್" ಎಂದ ಓಂಕಾರಣ್ಣ.

ಆವತ್ತು ಬಸ್ಸು ಗೋವಿನಕೋವಿ ಹತ್ತಿರ ಬಂದಾಗ ಕಂಡಕ್ಟರ್ ನಿದ್ದೆ ಹೋಗಿದ್ದ. "ಇಳಿಯೋರು ಇದೀವಿ!" ಎಂದು ಕೂಗಿದೆ. ಅವನು ಬೆಚ್ಚಿಬಿದ್ದು ಸೀಟಿ ಊದಿದ. ಅಜ್ಜ ನನ್ನನ್ನು ನೋಡಿ, "ನಮ್ಮವ್ವ ಕೂಗಿದಂಗೇ ಆತು" ಎಂದ.

ಹಾಡು ಎರಡು ವಾರದಲ್ಲಿ ಸಿದ್ಧವಾಯಿತು. ರೇಣುಕಪ್ರಸಾದರು ನಾಲ್ಕು ಸಲ ತಿದ್ದಿಸಿದರು. ಎರಡನೇ ಚರಣದಲ್ಲಿ ಅಳು ಸಾಲದು ಎಂದರು. ತಮ್ಮ ಫೋಟೋ ಮೋಡದೊಳಗೆ ಮರೆಯಾಗುವುದು ಬೇಗ ಆಯಿತು, ಇನ್ನೂ ಸ್ವಲ್ಪ ಹೊತ್ತು ನಿಲ್ಲಲಿ ಎಂದರು. ಕೊನೆಯಲ್ಲಿ ಕಪ್ಪು ಪರದೆಯ ಮೇಲೆ ದೊಡ್ಡಕ್ಷರದಲ್ಲಿ ಬರುತ್ತದೆ: ಸ್ಟೀಲ್ ಗಿಟಾರ್: ಉಚ್ಚಂಗೆಮ್ಮ, ಗೋವಿನಕೋವಿ. ಓಂಕಾರಣ್ಣ ಒಂದು ಸಲ ಫೋನಿನಲ್ಲಿ ತೋರಿಸಿ ತನ್ನ ಪೆನ್‌ಡ್ರೈವಿಗೆ ಹಾಕಿಟ್ಟುಕೊಂಡ. ಸುದ್ದಿ ಹಬ್ಬಿ ಚನ್ನಗಿರಿಯ ಅಡಿಕೆ ಮಂಡಿಯವರೊಬ್ಬರು, ಹೊನ್ನಾಳಿಯ ನಿವೃತ್ತ ಹೆಡ್‌ಮಾಸ್ತರೊಬ್ಬರು ತಮಗೂ ಮುಂಚಿತವಾಗಿ ಒಂದು ಮಾಡಿಡಿ ಎಂದಿದ್ದಾರೆ. ಎಲ್ಲವೂ ಅದೇ ಪೆನ್‌ಡ್ರೈವಿನಲ್ಲಿವೆ. ಆದರೆ ರೇಣುಕಪ್ರಸಾದರು ಮೊದಲು.

ಅವರು ಗಟ್ಟಿಯಾಗಿದ್ದಾರೆ. ಸತ್ತು ನೋಡಿದ ಮೇಲೆ ಆರೋಗ್ಯದ ಬಗ್ಗೆ ಜಾಗ್ರತೆ ಬಂದಿದೆಯಂತೆ. ಬೆಳಗ್ಗೆ ಐದಕ್ಕೆ ವಾಕಿಂಗು, ರಾಗಿ ಗಂಜಿ, ಸಿಹಿ ಮುಟ್ಟುವುದಿಲ್ಲ.

ಬೇರೆ ಹಾಡುಗಳಲ್ಲಿ ಈಗಲೂ ಅಜ್ಜನ ಹೆಸರೇ ಬರುತ್ತದೆ. ಫೋಟೋ ಬಂದರೆ ಮಾತ್ರ ನಾನೀಗ ಓಂಕಾರಣ್ಣನಿಗೆ ನೇರವಾಗಿ ಫೋನ್ ಮಾಡುತ್ತೇನೆ. "ಇದ್ದಾರೋ, ಹೋಗ್ಯಾರೋ?" ಅಜ್ಜ ದಿನಾ ಪೇಪರ್ ಬಂದ ಕೂಡಲೇ ನಿಧನದ ಪುಟ ತಿರುಗಿಸುತ್ತಾನೆ. ಅಜ್ಜಿ ಬೈಯುತ್ತಾಳೆ: "ಯಾರ್ದೋ ಸಾವು ಕಾಯ್ಕಂಡು ಕೂತೀಯಲ್ಲ, ನಾಚ್ಕೆ ಆಗಲ್ವಾ?"

"ಸಾವು ಯಾರು ಕಾಯ್ತಾರೆ? ಹೆಸರು ಕಾಯ್ತಾ ಇದೀನಿ."

ಮೊನ್ನೆ ಬೆಳಗ್ಗೆ ರೇಣುಕಪ್ರಸಾದರದೇ ಧ್ವನಿ ಸಂದೇಶ ಬಂತು. ಎರಡನೇ ಚರಣದ ಗಿಟಾರನ್ನು ಇನ್ನೊಂದು ಸಲ ತಿದ್ದಬೇಕಂತೆ. ಹೇಳುತ್ತ ಹೇಳುತ್ತ ನಡುವೆ ಎರಡು ಸಲ ಕೆಮ್ಮಿದರು. ಅಜ್ಜ ಪೇಪರ್ ಕೆಳಗಿಟ್ಟ.

"ಇನ್ನೊಂದ್ಸಲ ಹಾಕು."

ಹಾಕಿದೆ. ಅಜ್ಜ ಕಿವಿಗೆ ಕೈಯಿಟ್ಟು, ಶ್ರುತಿ ನೋಡುವವನ ಹಾಗೆ ಕೇಳಿದ.

"ಎದೆಯಿಂದ ಬಂತಾ, ಗಂಟ್ಲಿಂದ ಬಂತಾ?"

"ಗಂಟ್ಲು, ಅಜ್ಜ. ಶೀತ ಆಗೈತೆ, ಅಷ್ಟೇ."

ಅಜ್ಜ ಮತ್ತೆ ಪೇಪರ್ ಎತ್ತಿಕೊಂಡ. ನಾನು ಚೀಲಗಳ ನಡುವೆ ಹೋಗಿ ಕೂತು, ಆ ಮನುಷ್ಯರಿಗಾಗಿ ಐದನೇ ಸಲ ಎರಡನೇ ಚರಣ ಬಾರಿಸತೊಡಗಿದೆ.